ಬೀಳುವುದನ್ನು ಕಲಿಸಿದಾಕೆ

ಕಡೂರಿನ ತರಕಾರಿ ಅಂಗಡಿಯಲ್ಲಿ ದಂಟಿನ ಸೊಪ್ಪು ಆರಿಸುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ, ನನ್ನ ಗುರುತು ಹಿಡಿದು ಮಾತಿಗೆ ಬಂದರು.

"ಮೇಡಂ, ನಿಮ್ ಸ್ಕೂಲಲ್ಲಿ ಗೋಡೆ ಹಾರೋ ಪಿ.ಟಿ. ಮಿಸ್ ಇದ್ರಲ್ಲ, ಹೋಗ್ಬಿಟ್ರಂತೆ ಕಣ್ರೀ. ಎಲ್ಲೋ ಮೇಲಿಂದ ಹಾರಕ್ಕೆ ಹೋಗಿ ಬಿದ್ರಂತೆ. ನಾನು ಆವಾಗ್ಲೇ ಅಂದ್ಕೊಂಡಿದ್ದೆ."

ಆಕೆ ಬಿದ್ದು ಸತ್ತದ್ದಲ್ಲ. ಜ್ವರ ಬಂದು, ಐದು ದಿನ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದು ಹೋದದ್ದು. ಅಂದು ಬೆಳಿಗ್ಗೆಯೇ ನನಗೆ ಫೋನು ಬಂದಿತ್ತು. ಆ ಹೆಂಗಸಿಗೆ ಅಷ್ಟು ಹೇಳಿದ್ದರೆ ಸಾಕಿತ್ತು. ಸೊಪ್ಪಿನ ಕಟ್ಟು ಕೈಯಲ್ಲಿ ಹಿಡಿದುಕೊಂಡು "ಹೌದಾ" ಎಂದೆ, ಅಷ್ಟೆ. ಎರಡು ದಿನ ಬಿಟ್ಟು ಮೆಡಿಕಲ್ ಸ್ಟೋರಿನಲ್ಲಿ ಇನ್ನೊಬ್ಬರು ಅದೇ ಮಾತಾಡಿದರು. ವಾರ ಕಳೆಯುವಷ್ಟರಲ್ಲಿ ಆಕೆ ಹಾರಿ ಬಿದ್ದು ಸತ್ತಳೆಂದು ಊರು ತೀರ್ಮಾನಿಸಿಯಾಗಿತ್ತು. ಆಕೆಯ ವಿಷಯದಲ್ಲಿ ಕಡೂರು ಸುಳ್ಳನ್ನು ನಂಬಿದ್ದು ಇದು ಎರಡನೇ ಸಲ. ಮೊದಲನೆಯದು ಶುರುವಾದದ್ದು ನನ್ನ ಬಾಯಿಂದ.

ನಾನು ಒಂದು ಅನುದಾನಿತ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ವಿಜ್ಞಾನ ಹೇಳಿಕೊಟ್ಟವಳು. ಕೊನೆಯ ಮೂರು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದು ನಿವೃತ್ತಳಾದೆ. ಆಕೆ ನಮ್ಮಲ್ಲಿಗೆ ಅತಿಥಿ ಶಿಕ್ಷಕಿಯಾಗಿ ಬಂದದ್ದು ಎಂಟು ವರ್ಷದ ಹಿಂದೆ. ಅಜ್ಜಂಪುರದಿಂದ ದಿನಾ ರೈಲಿನಲ್ಲಿ ಬರುತ್ತಿದ್ದಳು. ಬಸ್ಸು ಹತ್ತುತ್ತಿರಲಿಲ್ಲ. "ಬಸ್ಸು ಓವರ್‌ಟೇಕ್ ಮಾಡಿದ್ರೆ ಜೀವ ಬಾಯಿಗ್ ಬರುತ್ತೆ ಮೇಡಂ, ಕಣ್ ಮುಚ್ಕೊಂಡ್ ಬಿಡ್ತೀನಿ" ಎನ್ನುತ್ತಿದ್ದಳು. ಒಂದು ಮಹಡಿ ಎತ್ತರದಿಂದ ಜಿಗಿಯುವ ಹೆಂಗಸು ಹೀಗೆ ಹೇಳಿದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಿದ್ದೆವು. ಆಕೆಯೂ ನಗುತ್ತಿದ್ದಳು.

ಮೂವತ್ತರ ಹರೆಯ, ತೆಳ್ಳನೆಯ ಮೈ, ಕುತ್ತಿಗೆಯ ಮೇಲೆ ಬಿಗಿಯಾಗಿ ಸುತ್ತಿ ಪಿನ್ನು ಚುಚ್ಚಿದ ತುರುಬು, ತೆಳು ಅಟ್ಟೆಯ ಕ್ಯಾನ್ವಾಸ್ ಶೂ. ಬಂದ ಮೊದಲ ದಿನ ಆಗಿನ ಹೆಚ್.ಎಂ. ಆಕೆಗೆ ಶಾಲೆ ತೋರಿಸುತ್ತಿದ್ದರು. ನಾನೂ ಜೊತೆಗಿದ್ದೆ. ನಾವು ಇದು ಲ್ಯಾಬು, ಇದು ಆಫೀಸು ಎಂದು ಹೇಳುತ್ತಿದ್ದರೆ ಆಕೆ ಪ್ರತಿಯೊಂದು ಗೋಡೆಯ ಮೇಲೂ ಒಂದು ಸಲ ಅಂಗೈ ಇಡುತ್ತಿದ್ದಳು. ಗಾರೆ ಗಟ್ಟಿಯಿದೆಯೋ, ಉದುರುತ್ತದೋ, ಜಾರುತ್ತದೋ ನೋಡುತ್ತಿದ್ದಳಂತೆ. ನನಗೆ ಅದು ಗೊತ್ತಾದದ್ದು ಆಮೇಲೆ.

ಒಂದು ಬೆಳಿಗ್ಗೆ ಗೇಟಿಗೆ ಒಳಗಿನಿಂದ ಚಿಲಕ ಹಾಕಿತ್ತು. ಜವಾನ ಹಿಂದುಗಡೆ ಎಲ್ಲೋ ಗಿಡಗಳಿಗೆ ನೀರು ಬಿಡುತ್ತಿದ್ದ, ಎಷ್ಟು ಕೂಗಿದರೂ ಕೇಳಲಿಲ್ಲ. ನಾವು ನಾಲ್ಕು ಜನ ಟೀಚರುಗಳು ಬಿಸಿಲಲ್ಲಿ ನಿಂತಿದ್ದೆವು. ಆಕೆ ಕೈಚೀಲವನ್ನು ನನ್ನ ಕೈಗೆ ಕೊಟ್ಟು, "ಒಂದ್ನಿಮಿಷ ಮೇಡಂ" ಎಂದು ನಾಲ್ಕು ಹೆಜ್ಜೆ ಹಿಂದೆ ಸರಿದಳು. ಓಡಿ ಬಂದು ಗೋಡೆಗೆ ಒಂದು ಕಾಲು ಕೊಟ್ಟದ್ದು ಕಂಡಿತು, ಎರಡು ಕೈ ಮೇಲಂಚನ್ನು ಹಿಡಿದದ್ದು ಕಂಡಿತು, ಆಮೇಲೆ ಆಕೆ ಕಾಣಲಿಲ್ಲ. ಆ ಕಡೆಯಿಂದ ಏನೂ ಸದ್ದು ಬರಲಿಲ್ಲ. "ಅಯ್ಯೋ, ಏನಾಯ್ತ್ರೀ" ಎಂದು ನಮ್ಮ ಹಿಂದಿ ಟೀಚರು ಎದೆಯ ಮೇಲೆ ಕೈ ಇಟ್ಟುಕೊಳ್ಳುವಷ್ಟರಲ್ಲಿ ಚಿಲಕ ಸರಿದು ಗೇಟು ತೆರೆಯಿತು.

"ಬಿದ್ರೇನೋ ಅಂದ್ಕೊಂಡ್ವಿ, ಸದ್ದೇ ಇಲ್ಲ!" ಎಂದೆ.

"ಸದ್ದು ಬರಬಾರ್ದು ಮೇಡಂ. ಇಳಿದಾಗ ಸದ್ದು ಬಂತು ಅಂದ್ರೆ ನೆಲ ಬೈತಿದೆ ಅಂತ."

ಇದಕ್ಕೆ ಫ್ರೀ ರನ್ನಿಂಗ್ ಅನ್ನುತ್ತಾರೆಂದು ಆಕೆಯೇ ಹೇಳಿದ್ದು. ಮೈಸೂರಿನಲ್ಲಿ ಬಿ.ಪಿ.ಎಡ್. ಓದುವಾಗ ಮೈದಾನದ ಪಕ್ಕದ ಮೆಟ್ಟಿಲುಗಳ ಮೇಲೆ ಕೆಲವರು ಓಡುತ್ತ, ಕಟ್ಟೆಯಿಂದ ಕಟ್ಟೆಗೆ ಹಾರುತ್ತ, ಉರುಳಿ ಎದ್ದು ಮತ್ತೆ ಓಡುತ್ತಿದ್ದರಂತೆ. ಎರಡು ದಿನ ನಿಂತು ನೋಡಿದಳಂತೆ. ಮೂರನೇ ದಿನ ಹೋಗಿ "ನಂಗೂ ಹೇಳ್ಕೊಡಿ" ಎಂದಳಂತೆ. ಗುಂಪಿನಲ್ಲಿ ಆಕೆಯೊಬ್ಬಳೇ ಹೆಣ್ಣು.

ನಮ್ಮ ಮಕ್ಕಳಿಗೆ ಅದನ್ನು ಕಲಿಸಲು ಹೆಚ್.ಎಂ. ಒಪ್ಪಿದ್ದು ಒಂದು ಷರತ್ತಿನ ಮೇಲೆ: ಎಲ್ಲ ನೆಲದ ಮೇಲೆಯೇ ಆಗಬೇಕು. ಆಕೆಗೂ ಬೇಕಾದದ್ದು ಅದೇ. ಮೊದಲ ಎರಡು ತಿಂಗಳು ಆಕೆ ಒಬ್ಬರನ್ನೂ ಹಾರಲು ಬಿಡಲಿಲ್ಲ. ಬರೀ ಬೀಳುವುದು. ತೆಂಗಿನ ನಾರಿನ ಚಾಪೆ ಹಾಸಿ, ಭುಜದಿಂದ ಸೊಂಟಕ್ಕೆ ಓರೆಯಾಗಿ ಉರುಳಿ ಏಳುವುದು. ಹುಡುಗಿಯರು ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು, ಮೈಗೆಲ್ಲ ಮಣ್ಣು ಮೆತ್ತಿಕೊಂಡು ನನ್ನ ಪೀರಿಯಡ್ಡಿಗೆ ಬಂದು ಕೂರುತ್ತಿದ್ದರು. ನಾನು ಗೊಣಗುತ್ತಿದ್ದೆ.

ಒಬ್ಬಳ ತಾಯಿ ಜಗಳಕ್ಕೇ ಬಂದರು. "ನನ್ ಮಗಳಿಗೆ ಕೈಕಾಲು ಮುರಿದ್ರೆ ಯಾರ್ರೀ ಮದ್ವೆ ಆಗ್ತಾರೆ? ನೀವು ಮಾಡ್ಕೊತೀರಾ?" ಎಂದು ಜಗುಲಿಯ ಮೇಲೆ ನಿಂತು ಕೂಗಿದರು. ಆಕೆ ಎದುರು ಮಾತಾಡಲಿಲ್ಲ. "ಅಮ್ಮಾ, ಆ ಮೆಟ್ಲು ಇಳಿದು ಇಲ್ಲಿ ಬನ್ನಿ, ನೆರಳಿದೆ" ಎಂದಳು. ತಾಯಿ ಇಳಿದರು. "ಹಿಮ್ಮಡಿ ನೋವಿದ್ಯಲ್ಲ? ಬೆಳಿಗ್ಗೆ ಎದ್ದಾಗ ಜಾಸ್ತಿ?" ಎಂದು ಕೇಳಿದಳು. ಆಮೇಲಿನ ಅರ್ಧ ಗಂಟೆ ಆ ತಾಯಿ ಪಿ.ಟಿ. ಮಿಸ್ಸಿನ ಕೈ ಹಿಡಿದುಕೊಂಡು ಅದೇ ಮೂರು ಮೆಟ್ಟಿಲನ್ನು ಹತ್ತಿ ಇಳಿದು, ಮುಂಗಾಲಿನ ಮೇಲೆ ಭಾರ ಬಿಡುವುದನ್ನು ಕಲಿಯುತ್ತಿದ್ದರು. ಹೋಗುವಾಗ ಬೈಯುವುದು ನೆನಪಾಗಲಿಲ್ಲ.

ನನ್ನನ್ನೂ ಆಕೆ ಬಿಡಲಿಲ್ಲ. ನನಗಾಗ ಐವತ್ತಾರು, ತೂಕ ಹೇಳುವಂಥದ್ದಲ್ಲ. ಮೊಣಕಾಲು ನೋವಿಗೆ ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಿದ್ದೆ. "ನಿಮ್ಗೆ ನೋವಿಗಿಂತ ಬೀಳೋ ಭಯ ಜಾಸ್ತಿ ಮೇಡಂ" ಎಂದಳು ಒಂದು ದಿನ. ಊಟದ ವಿರಾಮದಲ್ಲಿ ಲ್ಯಾಬಿನ ಬಾಗಿಲು ಹಾಕಿ, ಚಾಪೆ ಹಾಸಿ ನನ್ನನ್ನು ಬೀಳಿಸಿದಳು. ಮೊದಲು ಕೂತಲ್ಲಿಂದ, ಆಮೇಲೆ ಮಂಡಿಯೂರಿ, ಎರಡು ವಾರದ ಮೇಲೆ ನಿಂತಲ್ಲಿಂದ. ಸೀರೆ ಉಟ್ಟುಕೊಂಡೇ ಮೊದಲ ಸಲ ಸರಿಯಾಗಿ ಉರುಳಿ ಎದ್ದಾಗ ನನಗೆ ತಡೆಯಲಾಗದ ನಗು ಬಂತು. ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಮದುವೆಯಾದ ಮೇಲೆ ಹಾಗೆ ನಕ್ಕ ನೆನಪಿರಲಿಲ್ಲ. ಆಕೆ ಚಾಪೆಯ ಅಂಚಿನಲ್ಲಿ ಕೂತು ಡಬ್ಬಿಯಿಂದ ಅಕ್ಕಿ ರೊಟ್ಟಿ ಮುರಿಯುತ್ತ, "ನೋಡಿ, ನೆಲ ಎಲ್ಲೂ ಹೋಗಿಲ್ಲ" ಎಂದಳು.

ನಮ್ಮ ಹಳೆಯ ಕಟ್ಟಡದ ಟೆರೇಸಿಗೂ ಪಕ್ಕದ ಸೈಕಲ್ ಸ್ಟ್ಯಾಂಡಿನ ಆರ್‌ಸಿಸಿ ಮಾಡಿಗೂ ನಡುವೆ ಒಂದು ಸಂದು ಇತ್ತು. ಏಳಡಿ ಅಗಲ. ಹುಡುಗಿಯರ ಕಣ್ಣು ಯಾವಾಗಲೂ ಅದರ ಮೇಲೆ. "ಮಿಸ್, ಒಂದ್ಸಲ ಮಿಸ್" ಎಂದು ಪೀಡಿಸುತ್ತಿದ್ದರು. ಆಕೆ ಅಷ್ಟೇ ಅಗಲಕ್ಕೆ ಲ್ಯಾಬಿನ ಮುಂದಿನ ಸಿಮೆಂಟು ನೆಲದ ಮೇಲೆ ಬಿಳಿ ಪೇಂಟಿನಲ್ಲಿ ಎರಡು ಗೆರೆ ಎಳೆದಳು. "ಇಲ್ಲಿ ನೂರು ಸಲ ಸದ್ದಿಲ್ದೆ ದಾಟಿ. ಆಮೇಲೂ ನಾನು ಬೇಡ ಅಂದ್ರೆ ಬೇಡ" ಎಂದಳು. ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಆಕೆ ತಾನೇ ಟೆರೇಸಿಗೆ ಹೋದಳು. ನಾನು ಕೆಳಗಿದ್ದೆ. ಅಂಚಿಗೆ ಬಂದು ನಿಂತಳು, ಕೆಳಗೆ ನೋಡಿದಳು, ಎರಡು ಸಲ ಮೊಣಕಾಲು ಬಗ್ಗಿಸಿದಳು, ಆಮೇಲೆ ತಿರುಗಿ ಮೆಟ್ಟಿಲಿನಿಂದ ಇಳಿದು ಬಂದಳು.

"ಯಾಕೆ?" ಎಂದೆ.

"ಇವತ್ತು ಬೇಡ ಅನ್ನಿಸ್ತು."

ಕಾರಣ ಕೇಳಿದರೆ ಆಕೆಗೂ ಗೊತ್ತಿರಲಿಲ್ಲ. ಬೇಡ ಅನ್ನಿಸಿದ್ದಕ್ಕೆ ನಾಚಿಕೆಯೂ ಇರಲಿಲ್ಲ. ಅಂಥವರನ್ನು ನಾನು ಕಡಿಮೆ ನೋಡಿದ್ದೇನೆ.

ಎರಡನೇ ವರ್ಷ ಒಂದು ಶನಿವಾರ ಆಕೆ ಖೋಖೋ ತಂಡ ಕರೆದುಕೊಂಡು ಚಿಕ್ಕಮಗಳೂರಿಗೆ ಹೋಗಿದ್ದಳು. ಶಾಲೆ ಬಿಟ್ಟಿತ್ತು. ನಾನು ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದುತ್ತಿದ್ದೆ. ಒಂಬತ್ತನೇ ತರಗತಿಯ ಚೈತ್ರಾ ಇನ್ನಿಬ್ಬರನ್ನು ಕಟ್ಟಿಕೊಂಡು ಬಂದಳು. ಪಿ.ಟಿ. ಮಿಸ್ಸಿನ ಮಕ್ಕಳಲ್ಲೆಲ್ಲ ಚುರುಕು ಅವಳು.

"ಮೇಡಂ, ಟೆರೇಸ್ ಕೀ ಕೊಡ್ತೀರಾ? ಚಾಪೆ ಒಣಗಾಕಿದೀವಿ, ತರ್ಬೇಕು."

ಟೆರೇಸಿನ ಬೀಗಕ್ಕೆ ಎರಡು ಕೀ ಇದ್ದವು. ಒಂದು ಪಿ.ಟಿ.ಯವಳ ಹತ್ತಿರ, ಇನ್ನೊಂದು ನನ್ನ ಡ್ರಾಯರಿನಲ್ಲಿ. ಚಾಪೆಗಳು ಲ್ಯಾಬಿನ ಮೂಲೆಯಲ್ಲಿ ಸುತ್ತಿಟ್ಟಿರುವುದು ನನಗೆ ಗೊತ್ತಿತ್ತು. ಬೆಳಿಗ್ಗೆಯಷ್ಟೇ ನೋಡಿದ್ದೆ. ಅವಳ ಮುಖ ನೋಡಿದೆ. ಯಾತಕ್ಕೆ ಕೇಳುತ್ತಿದ್ದಾಳೆಂದು ಅರ್ಥವಾಯಿತು. ಕೀ ಕೊಟ್ಟೆ.

ಯಾಕೆ ಕೊಟ್ಟೆನೆಂದು ಈ ಆರು ವರ್ಷದಲ್ಲಿ ನನ್ನನ್ನು ನಾನು ಕೇಳಿಕೊಳ್ಳದ ದಿನವಿಲ್ಲ. ಇರುವುದು ಒಂದೇ ಉತ್ತರ: ನನಗೂ ನೋಡಬೇಕಾಗಿತ್ತು. ಪೇಪರು ಬಿಟ್ಟು ಎದ್ದು ಕಿಟಕಿಗೆ ಹೋದೆ. ಅಲ್ಲಿಂದ ಟೆರೇಸು, ಸೈಕಲ್ ಸ್ಟ್ಯಾಂಡು ಎರಡೂ ಕಾಣುತ್ತವೆ. ಚೈತ್ರಾ ಅಂಚಿನಲ್ಲಿ ನಿಂತಿದ್ದಳು. ಹಿಂದೆ ಸರಿದಳು, ಓಡಿದಳು, ಹಾರಿದಳು. ಒಂದು ಕ್ಷಣ ಅವಳ ಕೆಳಗೆ ಏನೂ ಇರಲಿಲ್ಲ. ಮಾಡಿನ ಅಂಚಿಗೆ ಒಂದು ಕಾಲು ತಾಗಿತು, ಜಾರಿತು. ಆಗ ಬಂದ ಸದ್ದು ದೊಡ್ಡದೇನಲ್ಲ. ಅದು ಇನ್ನೂ ನನ್ನ ಕಿವಿಯಲ್ಲಿದೆ.

ಜವಾನನೂ ಬೀದಿಯವರೂ ಸೇರಿ ಅವಳನ್ನು ಆಟೋಗೆ ಹತ್ತಿಸಿದರು. ಆ ಗಲಾಟೆಯಲ್ಲಿ ನಾನು ಮಾಡಿದ ಒಂದು ಕೆಲಸ ಹೇಳಬೇಕು. ಮೊಣಕಾಲು ನೋವಿನ ನಾನು ಟೆರೇಸಿನ ಮೆಟ್ಟಿಲು ಹತ್ತಿ ಹೋಗಿ, ಬೀಗದಲ್ಲಿ ನೇತಾಡುತ್ತಿದ್ದ ಕೀ ತೆಗೆದು ತಂದು ಡ್ರಾಯರಿನಲ್ಲಿಟ್ಟೆ. ಆಮೇಲೆ ಆಸ್ಪತ್ರೆಗೆ ಹೋದೆ.

ಗುರುವಾರ ಹೆಚ್.ಎಂ. ರೂಮಿನಲ್ಲಿ ವಿಚಾರಣೆ. ಆಡಳಿತ ಮಂಡಳಿಯ ಕಾರ್ಯದರ್ಶಿ, ಹೆಚ್.ಎಂ., ದೂರು ಕೊಟ್ಟ ಚೈತ್ರಾಳ ತಂದೆ, ಆಕೆ, ನಾನು. ಹೆಚ್.ಎಂ. ಮೇ ತಿಂಗಳಲ್ಲಿ ನಿವೃತ್ತರಾಗುವವರಿದ್ದರು. ಅವರ ನಂತರ ಆ ಕುರ್ಚಿ ನನ್ನದು ಎಂದು ಎಲ್ಲರಿಗೂ ಗೊತ್ತಿತ್ತು.

"ಕೀ ಯಾರ್ ಹತ್ರ ಇರುತ್ತೆ?" ಎಂದು ಕಾರ್ಯದರ್ಶಿ ನನ್ನನ್ನು ಕೇಳಿದರು.

"ನನ್ನ ಡ್ರಾಯರಲ್ಲಿ ಒಂದು, ಪಿ.ಟಿ.ಯವರ ಹತ್ರ ಒಂದು ಸರ್. ನಂದು ಡ್ರಾಯರಲ್ಲೇ ಇದೆ."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. "ಹಂಗಾದ್ರೆ ಆ ಇಬ್ರು ಹುಡುಗೀರ್ನ ಕರೀರಿ, ಕೇಳಣ" ಎಂದರು ಅವರು. ನಾನು, "ಬೇಡ ಸರ್, ಮಕ್ಕಳು ಹೆದರ್ಕೊಂಡಿವೆ" ಎಂದೆ. ನನ್ನ ದನಿಯಲ್ಲಿ ಅಂತಃಕರಣ ತುಂಬಿತ್ತು. ಹೆಚ್.ಎಂ. ತಲೆಯಾಡಿಸಿದರು.

ಆಕೆ ಕೈಚೀಲದಿಂದ ತನ್ನ ಕೀ ತೆಗೆದು ಮೇಜಿನ ಮೇಲಿಟ್ಟಳು. "ನಂದು ಇಲ್ಲಿದೆ ಸರ್. ಚಿಕ್ಕಮಗಳೂರಿಗೂ ನನ್ ಜೊತೇನೇ ಬಂದಿತ್ತು." ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಯಾರೋ ಏನೋ ಹೇಳುವವರಿದ್ದಾರೆ, ಅವರಿಗೆ ಅಡ್ಡ ಮಾತಾಡಬಾರದು ಎಂದು ಸುಮ್ಮನಿರುತ್ತೇವಲ್ಲ, ಹಾಗಿತ್ತು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

"ಕೀ ವಿಷ್ಯ ಅತ್ಲಾಗಿರ್ಲಿ," ಎಂದರು ಕಾರ್ಯದರ್ಶಿ. "ಹೆಣ್ಮಕ್ಳಿಗೆ ಈ ಹಾರೋದು ಕಲಿಸ್ದೋರು ಯಾರಮ್ಮ?"

"ನಾನೇ ಸರ್."

ಮುಂದಿನ ಸೋಮವಾರದಿಂದ ಆಕೆ ಬರುವುದು ಬೇಡವೆಂದಾಯಿತು. ಮಕ್ಕಳಿಗೆ ಟೆರೇಸಿನ ಕೀ ಕೊಟ್ಟವಳೂ ಆಕೆಯೇ ಎಂದು ಊರು ನಂಬಿತು. ಸಂಜೆ ಹೊರಡುವ ಮುಂಚೆ ಲ್ಯಾಬಿನ ಬಾಗಿಲಿಗೆ ಬಂದಳು. "ಚೈತ್ರಾನ ನೋಡ್ಕೊಂಡ್ ಬಂದಿದ್ದೆ ಮೇಡಂ. ತೊಡೆ ಮೂಳೆ ಕೂಡ್ಕೊಳುತ್ತೆ ಅಂದ್ರು ಡಾಕ್ಟ್ರು" ಎಂದಳು. ಸ್ವಲ್ಪ ಹೊತ್ತು ನಿಂತೇ ಇದ್ದಳು. ನಾನು ಟೆಸ್ಟ್‌ಟ್ಯೂಬು ತೊಳೆಯುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಹೋಗಿದ್ದಳು. ಹೆಜ್ಜೆಯ ಸದ್ದು ಕೇಳಲಿಲ್ಲ.

ನಾನು ಹೆಚ್.ಎಂ. ಆದೆ. ಆ ರೂಮಿನ ಬಾಗಿಲಿಗೆ ಎದುರಾಗಿ ಆ ಎರಡು ಬಿಳಿ ಗೆರೆ. ಮೊದಲ ವಾರವೇ ಉಜ್ಜಿಸಿದೆ, ಹೋಗಲಿಲ್ಲ. ಸಿಮೆಂಟು ಬಣ್ಣ ಬಳಿಸಿದೆ. ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ಮಸುಕಾಗಿ ಮೇಲೆದ್ದವು. ಆಕೆಯನ್ನು ಕಣ್ಣಲ್ಲೂ ನೋಡದ, ಎಂಟನೇ ತರಗತಿಗೆ ಹೊಸದಾಗಿ ಸೇರಿದ ಮಕ್ಕಳು ಅಲ್ಲಿಗೆ ಬಂದ ಕೂಡಲೇ ಯಾರೂ ಹೇಳದೆ ಒಂದು ಗೆರೆಯಿಂದ ಇನ್ನೊಂದಕ್ಕೆ ಹಾರಿ ನೋಡುತ್ತಿದ್ದರು. ಸಹಿ ಹಾಕುತ್ತಿದ್ದ ನನ್ನ ಕೈ ನಿಲ್ಲುತ್ತಿತ್ತು. ಕೆಳಗೆ ಕಾಲೂರಿದ ಸದ್ದು ಕೇಳುವವರೆಗೂ ಉಸಿರು ಬಿಡುತ್ತಿರಲಿಲ್ಲ. ಮೂರು ವರ್ಷ ಹೀಗೆ. ಈಗಲೂ ಬೀದಿಯಲ್ಲಿ ಹೋಗುವಾಗ ಎರಡು ಮನೆಗಳ ನಡುವಿನ ಸಂದು ಕಂಡರೆ ಅದರ ಅಗಲ ಅಳೆಯುತ್ತೇನೆ. ಯಾರೋ ಮೇಲೆ ಅಂಚಿನಲ್ಲಿ ನಿಂತಿದ್ದಾರೆ ಅನ್ನಿಸಿ ತಲೆಯೆತ್ತುತ್ತೇನೆ.

ಆಮೇಲೆ ಆಕೆಯನ್ನು ನೋಡಿದ್ದು ಒಂದೇ ಸಲ. ಶಿವಮೊಗ್ಗದಿಂದ ಬರುತ್ತಿದ್ದ ನನ್ನ ರೈಲು ಬೀರೂರು ಜಂಕ್ಷನ್ನಿನಲ್ಲಿ ನಿಂತಿತ್ತು. ಆಕೆ ಪ್ಲಾಟ್‌ಫಾರಮ್ಮಿನಲ್ಲಿ ಅಜ್ಜಂಪುರದ ಗಾಡಿಗೆ ಕಾಯುತ್ತಿದ್ದಳು. ನನ್ನನ್ನು ಕಂಡು ಕಿಟಕಿಯ ಹತ್ತಿರ ಬಂದಳು.

"ಮೊಣಕಾಲು ಹೇಗಿದೆ ಮೇಡಂ?"

"ಪರ್ವಾಗಿಲ್ಲ. ನೀನು?"

"ತರೀಕೆರೇಲಿ ಇದೀನಿ. ಒಂದು ಹಳೇ ರೈಸ್‌ಮಿಲ್ ಕಣದಲ್ಲಿ ಕ್ಲಾಸ್ ಮಾಡ್ತೀನಿ. ವಯಸ್ಸಾದೋರೇ ಜಾಸ್ತಿ. ಬಚ್ಚಲಲ್ಲಿ ಜಾರಿ ಸೊಂಟ ಮುರ್ಕೊಳ್ತಾರಲ್ಲ, ಅವ್ರಿಗೆ ಬೀಳೋದು ಹೇಳ್ಕೊಡ್ತೀನಿ." ನಕ್ಕಳು. "ಇನ್ನೇನ್ ಮೇಡಂ?"

"ಏನಿಲ್ಲಮ್ಮ."

ಆಕೆ ಹೋಗಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದಳು. "ಇನ್ನೇನ್ ಮೇಡಂ?" ಎಂದಳು ಮತ್ತೆ. ಪಕ್ಕದಲ್ಲಿ ಕೂತಿದ್ದವರನ್ನು ನೋಡಿದೆ, ಯಾರೂ ಪರಿಚಯದವರಲ್ಲ. ಆದರೂ "ಏನಿಲ್ಲ" ಎಂದೆ. ರೈಲು ಹೊರಟಿತು. ಆಕೆ ಸರಳು ಬಿಟ್ಟಳು.

ಸಾವಿನ ಸುದ್ದಿ ಬಂದ ಎರಡನೇ ಭಾನುವಾರ ತರೀಕೆರೆಗೆ ಹೋದೆ. ರೈಸ್‌ಮಿಲ್ಲಿನ ಕಣದಲ್ಲಿ ಹತ್ತು ಹನ್ನೆರಡು ಜನ ಹೆಂಗಸರು ಸೇರಿದ್ದರು. ಆಕೆಯ ಫೋಟೋಗೆ ಹೂವು ಹಾಕಿ ಬೆಂಚಿನ ಮೇಲಿಟ್ಟಿದ್ದರು. ಒಬ್ಬೊಬ್ಬರೂ ಎದ್ದು ತಮಗೆ ತೋಚಿದ ಎರಡು ಮಾತಾಡಿದರು. ಎಪ್ಪತ್ತರ ಹತ್ತಿರದ ಒಬ್ಬರು, "ಅಂಗಳದಲ್ಲಿ ಪಾಚಿ ಮೇಲೆ ಕಾಲಿಟ್ಟು ಬಿದ್ದೆ. ಆಯಮ್ಮ ಹೇಳ್ಕೊಟ್ಟಂಗೇ ಬಿದ್ದೆ. ಏನೂ ಆಗ್ಲಿಲ್ಲ" ಎಂದು ಹೇಳಿ ಅತ್ತರು. ಫೋಟೋದ ಪಕ್ಕ ಕೂತು ಎಲ್ಲರಿಗೂ ಹೂವು ಕೊಡುತ್ತಿದ್ದವಳು ಚೈತ್ರಾ. ಇಪ್ಪತ್ತು ವರ್ಷದ ಹುಡುಗಿ. ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತದೆ. ಕಾಲು ನೆಟ್ಟಗಾದ ಮೇಲೆ ತಂದೆಗೆ ತಿಳಿಯದಂತೆ ತಾಯಿಯೇ ಪ್ರತಿ ಭಾನುವಾರ ಅವಳನ್ನು ಆಕೆಯ ಹತ್ತಿರ ಕರೆತರುತ್ತಿದ್ದರಂತೆ.

ನನ್ನ ಸರದಿ ಬಂತು. ಎದ್ದು ನಿಂತು, ನಾನು ಯಾರೆಂದು ಹೇಳಿದೆ. ಆಮೇಲೆ, "ಆವತ್ತು ಕೀ ಕೊಟ್ಟಿದ್ದು ನಾನು. ಚಾಪೆ ಮೇಲಿಲ್ಲ ಅಂತ ಗೊತ್ತಿದ್ದೂ ಕೊಟ್ಟೆ. ಕಿಟಕೀಲಿ ನಿಂತು ನೋಡ್ದೆ. ವಿಚಾರಣೇಲಿ ಹೇಳ್ಲಿಲ್ಲ. ಅವಳ ಕೆಲಸ ಹೋಯ್ತು, ನಾನು ಹೆಚ್.ಎಂ. ಆದೆ" ಎಂದೆ. ಅರ್ಧ ಜನಕ್ಕೆ ಇದು ಯಾವ ವಿಷಯವೆಂದೇ ಗೊತ್ತಿರಲಿಲ್ಲ. ಕೂತೆ.

ಎಲ್ಲರೂ ಹೊರಟ ಮೇಲೆ ಚೈತ್ರಾ ಬಂದು ಪಕ್ಕದಲ್ಲಿ ಕೂತಳು.

"ನೀವು ಕಿಟಕೀಲಿ ಇದ್ದಿದ್ದು ನಂಗೆ ಕಾಣಿಸ್ತಿತ್ತು ಮೇಡಂ. ಮೇಲೆ ಹೋದ್ಮೇಲೆ ನಂಗೆ ಭಯ ಆಗಿತ್ತು. ವಾಪಸ್ ಹೋಗಣ ಅಂತ ತಿರುಗ್ದೆ. ನೀವು ನಿಂತಿದ್ರಿ. ಮೇಡಮ್ಮೇ ನೋಡ್ತಿದಾರಲ್ಲ, ಏನಾಗಲ್ಲ ಅಂದ್ಕೊಂಡೆ."

"ಮಿಸ್‌ಗೆ ಹೇಳಿದ್ಯಾ?" ಎಂದೆ.

"ಆಸ್ಪತ್ರೇಲೇ ಹೇಳಿದ್ದೆ. ವಿಚಾರಣೆಗೆ ಮುಂಚೇನೇ."

"ಏನಂದ್ಲು?"

"'ಮೇಡಂ ಅವರಾಗೇ ಹೇಳ್ತಾರೆ, ನೀನು ಬಾಯ್ ಬಿಡ್ಬೇಡ' ಅಂದ್ರು. ಆಮೇಲೂ ನಾನು ಎಷ್ಟೋ ಸಲ ಕೇಳ್ದೆ. 'ಹೇಳ್ತಾರೆ ಕಣೇ, ಇರು' ಅಂತಿದ್ರು."

ಮಾರನೇ ದಿನ ಎಲ್ಲವನ್ನೂ ಬರೆದು ಶಾಲೆಗೆ ತೆಗೆದುಕೊಂಡು ಹೋದೆ. ಈಗಿನ ಹೆಚ್.ಎಂ. ನನ್ನ ಕೈಕೆಳಗೆ ಕೆಲಸ ಮಾಡಿದವರು. ಓದಿ, "ಈಗ ಇದೆಲ್ಲ ಯಾಕೆ ಮೇಡಂ? ಅವ್ರೇ ಇಲ್ಲ" ಎಂದರು. ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು, ಅದನ್ನು ಹಿಡಿದು ಅಜ್ಜಂಪುರಕ್ಕೆ ಹೋದೆ.

ಆಕೆಯ ಅಣ್ಣ ಮನೆಯ ಮುಂಭಾಗದಲ್ಲೇ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಗಿರಣಿ ಓಡುತ್ತಿತ್ತು, ರಾಗಿ ಬೀಸಿಸಲು ಬಂದವರು ನಿಂತಿದ್ದರು. ಒಳಗೆ ಆಕೆಯ ತಾಯಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಕಡೂರಿನ ಸ್ಕೂಲಿನಿಂದ ಬಂದೆ ಎಂದೆ. "ಬನ್ನಿ ಮೇಡಮ್ನೋರೆ, ಕೂತ್ಕಳಿ" ಎಂದರು. ಕಾಗದ ಕೊಟ್ಟೆ. "ನಂಗೆ ಓದಕ್ಕೆ ಬರಲ್ಲ, ನೀವೇ ಓದಿ" ಎಂದು ವಾಪಸ್ ಕೊಟ್ಟರು.

ಗಿರಣಿಯ ಸದ್ದಿನ ನಡುವೆ ದನಿ ಎತ್ತರಿಸಿ ಓದಿದೆ. ಎರಡು ಪುಟ. ಅವರು ಸುಲಿಯುವುದನ್ನು ನಿಲ್ಲಿಸಿ ಕೇಳಿದರು. ಮುಗಿದ ಮೇಲೆ ಬೈಯುತ್ತಾರೆಂದು ಕಾದೆ. ಅವರು ಎದ್ದು ಹೊರಬಾಗಿಲಿಗೆ ಹೋಗಿ ಮಗನಿಗೆ ಗಿರಣಿ ನಿಲ್ಲಿಸಲು ಹೇಳಿದರು. ಬೆಲ್ಟು ಸುತ್ತಿ ಸುತ್ತಿ ನಿಂತು ಮನೆಯೆಲ್ಲ ನಿಶ್ಶಬ್ದವಾಯಿತು. ಮಗನನ್ನೂ ಸೊಸೆಯನ್ನೂ ಕರೆದು ನನ್ನ ಎದುರಿಗೆ ಕೂರಿಸಿದರು. ರಾಗಿ ತಂದವರನ್ನೂ ಒಳಗೆ ಬರಹೇಳಿದರು. ಆಮೇಲೆ ತಾವು ಬಂದು ನನ್ನ ಪಕ್ಕ ಕೂತರು.

"ಈಗ ಇನ್ನೊಂದ್ ಸಲ ಓದಿ," ಎಂದರು. "ಮೊದಲಿಂದ."